ಮೊದಲು ಏಳುವವನ ಮಾತು

"ಗುರುಗಳೇ, ಕ್ಯಾಂಟನೀಸ್ ನುಡಿಗಟ್ಟು ಮುನ್ನೂರು ಬಾಯಿಪಾಠ ಮಾಡಿದ್ದೇನೆ. ಅರ್ಥ ಗೊತ್ತು, ಯಾವಾಗ ಆಡಬೇಕೆಂದೂ ಗೊತ್ತು. ಆದರೂ ಆ ಭಾಷೆಯವರು ಯಾರೂ ನನ್ನೊಡನೆ ಮಾತು ಬೆಳೆಸುವುದಿಲ್ಲ. ಇನ್ನೆಷ್ಟು ಕಲಿಯಬೇಕು?" ಎಂದು ಸುಬ್ರಾಯ ಕೇಳಿದ.

"ಮುನ್ನೂರೇ! ಭೇಷ್. ಒಳ್ಳೆ ಗಿಣಿಪಾಠ ಆಯಿತಪ್ಪ. ಕೂತುಕೋ, ಒಂದು ಕತೆ ಕೇಳು," ಎಂದರು ಗುರುಗಳು.

ಹೊನ್ನಾವರದ ಒಬ್ಬ ಮೆಣಸಿನ ವ್ಯಾಪಾರಿ ಚೀನಾದ ಕ್ಯಾಂಟನ್ ಪಟ್ಟಣಕ್ಕೆ ಹೋದ. ಅಲ್ಲಿ ಅವನಿಗೆ ತನ್ನವರೆಂಬುವರು ಯಾರೂ ಇರಲಿಲ್ಲ. ದರ ಹೇಳುವುದು ಬಿಟ್ಟರೆ ಬಾಯಿ ತೆರೆಯುವ ಸಂದರ್ಭವೇ ಇಲ್ಲ. ಒಂಟಿತನ ತಡೆಯಲಾರದೆ, ಜನರೊಡನೆ ಬೆರೆಯಬೇಕೆಂದು ಒಬ್ಬ ಪಂಡಿತನನ್ನು ಹಿಡಿದು ನುಡಿಗಟ್ಟು ಕಲಿಯತೊಡಗಿದ.

ಆ ಊರಿನ ಚಹಾದಂಗಡಿಯಲ್ಲಿ ಗುರುತಿಲ್ಲದವರೂ ಒಂದೇ ಮೇಜಿಗೆ ಕೂರುತ್ತಾರೆ. ವ್ಯಾಪಾರಿಯ ಎದುರಿಗೆ ದಿನಾ ಕೊಡೆ ರಿಪೇರಿ ಮಾಡುವ ಒಬ್ಬ ಮುದುಕ ಕೂರುತ್ತಿದ್ದ. ಚಹಾ ಬಂದರೆ ಮೊದಲು ವ್ಯಾಪಾರಿಯ ಬಟ್ಟಲಿಗೆ ಹೊಯ್ದು, ಆಮೇಲೆ ತನಗೆ ಹೊಯ್ದುಕೊಳ್ಳುತ್ತಿದ್ದ. ತಿಂದು ಏಳುವಾಗ 'ಮಾನ್ ಮಾನ್ ಸಿಕ್' ಎನ್ನುತ್ತಿದ್ದ. ನಿಧಾನವಾಗಿ ತಿನ್ನಿ ಎಂದು ಅದರ ಅರ್ಥ. ಇನ್ನೂ ತಿನ್ನುತ್ತಿರುವವರನ್ನು ಬಿಟ್ಟು ಮೊದಲು ಏಳುವವರು ಆಡುವ ಮಾತು ಎಂದು ಪಂಡಿತ ಹೇಳಿಕೊಟ್ಟ.

ಸರಿ, ತಾನೂ ಅದನ್ನು ಆಡಬೇಕೆಂಬ ಚಪಲ ವ್ಯಾಪಾರಿಗೆ ಹತ್ತಿತು. ಆಡಬೇಕಾದರೆ ಮೊದಲು ಏಳಬೇಕಲ್ಲ! ಬಿಸಿ ಕಡುಬನ್ನು ಬಾಯಿ ಸುಟ್ಟುಕೊಂಡು ನುಂಗುತ್ತಿದ್ದ. ಮುದುಕನ ತಟ್ಟೆ ಅರ್ಧ ಖಾಲಿಯಾಗುವ ಮೊದಲೇ ಎದ್ದು, ಆ ಮಾತು ಆಡಿ, ಹೊರಟೇಬಿಡುತ್ತಿದ್ದ.

ಒಂದು ದಿನ ಮುದುಕ, "ಇನ್ನೊಂದು ಬಟ್ಟಲು ಕುಡಿದು ಹೋಗಿ. ಮನೆಯಲ್ಲಿ ನನಗೂ ಮಾತಿಗೆ ಯಾರೂ ಇಲ್ಲ," ಎಂದ. ವ್ಯಾಪಾರಿ ನಗುತ್ತ 'ಮಾನ್ ಮಾನ್ ಸಿಕ್' ಎಂದು ಹೊರಟುಹೋದ.

ಮಾರನೆಯ ದಿನದಿಂದ ಮುದುಕ ಬರಲಿಲ್ಲ. ಎದುರಿನ ಕುರ್ಚಿ ಖಾಲಿ. ವಾರ ಕಳೆಯಿತು. ವ್ಯಾಪಾರಿ ತನ್ನ ಬಟ್ಟಲಿಗೆ ತಾನೇ ಚಹಾ ಹೊಯ್ದುಕೊಳ್ಳಬೇಕಾಯಿತು. ಆ ಊರಿನಲ್ಲಿ ತನಗಿದ್ದ ಒಂದೇ ಜೀವ ಅದು ಎಂದು ಆಗ ತಿಳಿಯಿತು. ತಾನು ಆಡಿದ್ದರಲ್ಲಿ ತಪ್ಪಿತ್ತೇ ಎಂದು ಪಂಡಿತನನ್ನು ಕೇಳಿದ. ಎಳ್ಳಷ್ಟೂ ತಪ್ಪಿಲ್ಲ ಎಂದ ಪಂಡಿತ. ಮುದುಕನನ್ನು ಹುಡುಕೋಣವೆಂದು ವ್ಯಾಪಾರಿ ಕೊಡೆ ರಿಪೇರಿಯವರ ಬೀದಿಗೆ ಹೋದ.

"ಇಲ್ಲಿ ಮುದುಕರೇ ಮೂವತ್ತು ಜನ ಇದ್ದಾರೆ. ನಿಮಗೆ ಬೇಕಾದವರ ಹೆಸರೇನು?" ಎಂದರು ಅಲ್ಲಿಯವರು.

ಎಂಟು ತಿಂಗಳು ಎದುರುಬದುರು ಕೂತಿದ್ದ. ಒಂದು ದಿನವೂ ಕೇಳಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ಹೋದ.

"ಅಯ್ಯೋ, ಎಂಥ ಮನುಷ್ಯ!" ಎಂದ ಸುಬ್ರಾಯ.

ಗುರುಗಳು ಹೇಳಿದರು: "ಅವನದು ಇರಲಿ, ನಿನ್ನೊಡನೆ ಮಾತು ಬೆಳೆಸದ ಜನರಲ್ಲಿ ಒಬ್ಬರ ಹೆಸರು ಹೇಳು ನೋಡೋಣ."