ಆರಿದ ಮೇಲೂ

ಕೃಷ್ಣೆಯ ದಂಡೆಯ ಆಶ್ರಮದಲ್ಲಿ ಮುರಿಗಯ್ಯಜ್ಜನವರು ಕರೆಂಟಿನ ಕೆಲಸ ಕಲಿಸುತ್ತಿದ್ದರು. ನೀಲವ್ವ ಅವರ ಶಿಷ್ಯೆಯಾಗಿ ಮೂರು ವರ್ಷ. ಅವಳ ತಮ್ಮ ಈರಣ್ಣ ಹಿಟ್ಟಿನ ಗಿರಣಿಯಲ್ಲಿ ಬಲ್ಬು ಬದಲಿಸಲು ಹೋಗಿ ಸತ್ತ ವರ್ಷವೇ ಬಂದವಳು.

ಸ್ವಿಚ್ ಆರಿಸದೆ ಕೈ ಹಾಕಿದನಂತೆ. ಗಿರಣಿಯವರು ಹಾಗೆಂದರು, ಊರೂ ಹಾಗೆಂದಿತು. ಹೆಣದ ಮುಂದೆ ಕೂತು ನೀಲವ್ವನೂ ಅವನನ್ನೇ ಬೈದಿದ್ದಳು.

ಮೋಡ ಕವಿದ ಒಂದು ಮುಂಜಾನೆ, ತಾನೇ ಮಾಡಿದ ಪೆಟ್ಟಿಗೆಯೊಂದನ್ನು ಗುರುಗಳ ಮುಂದಿಟ್ಟಳು. ಆಶ್ರಮದ ಅಡುಗೆಮನೆಯ ದೀಪಕ್ಕೆಂದು ಮಾಡಿದ್ದು.

“ಹಸಿ ಕೈಲೆ ಗುಂಡಿ ಒತ್ತಿದ್ರೂ ಏನೂ ಆಗಂಗಿಲ್ರಿ ಅಜ್ಜಾರ. ಗುಂಡಿ ಕಡೆ ಬರೇ ಬ್ಯಾಟರಿ ಐತಿ.”

“ಮತ್ತ ಬಲ್ಬಿಗೆ ಹೆಂಗ ಗೊತ್ತಾಗತೈತಿ?”

“ನಡುವ ಒಂದು ಚಿಪ್ ಐತ್ರಿ. ಅದರೊಳಗ ಈ ಕಡೆ ಸಣ್ಣ ದೀಪ ಹತ್ತತೈತಿ. ಆ ಕಡೆ ಸ್ವಿಚ್ಚು ಆ ಬೆಳಕು ಕಂಡು ಕರೆಂಟ್ ಬಿಡತೈತಿ. ತಂತಿ ದಾಟಂಗಿಲ್ಲ, ಬೆಳಕಷ್ಟಽ ದಾಟತೈತಿ.”

ಅಜ್ಜನವರು ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

“ಎರಡೂ ಕಡೆ ತಂತಿ ದೂರ ದೂರ ಇಟ್ಟೀ. ಚಲೋ ಆಗೇತಿ.”

ಅವರು ಅವಳನ್ನು ಹೊಗಳಿದ್ದು ಅದೇ ಮೊದಲು.

ಮುಚ್ಚಳ ಹಾಕಿ, ಪೆಟ್ಟಿಗೆಯ ತಂತಿಗೆ ಕೂಡಿಸಿದ್ದ ಹೋಲ್ಡರಿಗೆ ಒಂದು ಬಲ್ಬು ಸಿಕ್ಕಿಸಿ, ಪೆಟ್ಟಿಗೆಯ ಪ್ಲಗ್ ಚುಚ್ಚಿದರು. ನೀಲವ್ವ ಗುಂಡಿ ಒತ್ತಿದಳು. ಬಲ್ಬು ಹತ್ತಲಿಲ್ಲ.

“ಸುಟ್ಟೈತಿ. ಬದಲಿಸು.”

ಅವಳು ಗುಂಡಿ ಒತ್ತಿ ಆರಿಸಿದಳು. ಬಲ್ಬಿನತ್ತ ಕೈ ಚಾಚಿದಳು.

ಗುರುಗಳು ಅವಳ ಮಣಿಕಟ್ಟು ಹಿಡಿದರು.

ರಬ್ಬರ್ ಗವಸು ತೊಟ್ಟು ಬಲ್ಬನ್ನು ತಾವೇ ತೆಗೆದರು. ಹೋಲ್ಡರಿನೊಳಗೆ ಟೆಸ್ಟರಿನ ತುದಿ ಮುಟ್ಟಿಸಿದರು.

ಟೆಸ್ಟರ್ ಕೆಂಪಗೆ ಮಿನುಗಿತು.

“ನಾ ಆರಿಸೀನ್ರಿ ಅಜ್ಜಾರ! ನೀವಽ ನೋಡೀರಿ.”

“ನೋಡೀನಿ. ಆರಿಸಿದ ಮ್ಯಾಲೂ ಆ ಚಿಪ್ಪಿನಾಗಿಂದ ಚೂರು ಕರೆಂಟ್ ಸೋರತೈತಿ. ಚಿಪ್ ಕೆಟ್ಟಿತಂದ್ರ, ಆರೂದಽ ಇಲ್ಲ.”

ನೀಲವ್ವ ಟೆಸ್ಟರನ್ನೇ ನೋಡುತ್ತ ನಿಂತಳು.

“ಹಂಗಾರ ನನ್ನ ತಮ್ಮ... ಅವನೂ ಆರಿಸಿದ್ದನೇನ್ರಿ?”

“ಗಿರಣಿಯಾಗ ಇಂಥಾ ಚಿಪ್ ಇರಲಿಲ್ಲ. ಆದ್ರ ಸ್ವಿಚ್ಚನ್ನ ತಪ್ಪು ತಂತಿಗೆ ಕೂಡಿಸಿದ್ರ ಅಲ್ಲೂ ಹಿಂಗಽ. ದೀಪ ಆರತೈತಿ, ಕರೆಂಟ್ ಇದ್ದಽ ಇರತೈತಿ.”

“ಆರಿಸಿದ್ದನೋ ಇಲ್ಲೋ, ಹೇಳ್ರಿ.”

“ನನಗ ಗೊತ್ತಿಲ್ಲ, ಮಗಳ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ.”

“ನಾ ಅವನನ್ನ ಬೈದೆ, ಅಜ್ಜಾರ. ಮಣ್ಣು ಕೊಡೂ ತನಕ ಬೈದೆ.”

ಹೊರಗೆ ನದಿಯ ಮೇಲೆ ಮೋಡ ಇನ್ನಷ್ಟು ಕೆಳಗಿಳಿದಿತ್ತು.

ಕಣ್ಣು ತುಂಬಿ ನೀಲವ್ವನಿಗೆ ಏನೂ ಕಾಣಲಿಲ್ಲ. ಎಲ್ಲ ಎತ್ತಿಡಲೆಂದು ಖಾಲಿ ಹೋಲ್ಡರಿನತ್ತ ತಡಕಾಡುತ್ತ ಕೈ ಚಾಚಿದಳು.

“ಮೊದಲು ಪ್ಲಗ್ ಕೀಳು,” ಎಂದರು ಗುರುಗಳು. “ಅಳೂದು ಆಮ್ಯಾಲೆ.”