ಬಡಿಗನ ಐದನೆಯ ಮಾತು

“ಅಜ್ಜಾರ, ಒಬ್ಬಾತ ಸುಳ್ಳ ಅಂತ ಗೊತ್ತಾದ ಮ್ಯಾಲೆ ಅವನ ಮಾತು ಕೇಳಬೇಕೇನ್ರಿ?”

ಕೊಟ್ರೇಶ ಈ ಪ್ರಶ್ನೆ ಕೇಳಿದ್ದು ಗುಡ್ಡದ ಮಠದ ಜಗಲಿಯ ಮೇಲೆ. ಮಧ್ಯಾಹ್ನದ ಮೊದಲ ಪಂಕ್ತಿಯ ಊಟ ಮುಗಿದು ಮಠಕ್ಕೆ ಮಠವೇ ಜೊಂಪಿಗೆ ಜಾರುತ್ತಿದ್ದ ಹೊತ್ತು. ಕೊಟ್ರೇಶ ಗುಡ್ಡದ ಮೇಲಿನ ಹಳ್ಳಿಗಳಿಂದ ಕೆಳಗಿನ ಪಟ್ಟಣಕ್ಕೆ ಜೀಪು ಓಡಿಸುವವನು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗುವವರನ್ನು ಕರೆದೊಯ್ಯುತ್ತಾನೆ. ಇಳಿಜಾರು ಶುರುವಾಗುವ ಮೊದಲು ಮಠದಲ್ಲಿ ನಿಂತು, ಗುರುಗಳ ಕಾಲಿಗೆರಗಿ ಹೋಗುವುದು ಹತ್ತು ವರ್ಷದಿಂದ ಅವನು ತಪ್ಪಿಸದ ನೇಮ. ಅವತ್ತು ಅವನ ಜೀಪಿನಲ್ಲಿ ಐದು ಜನ ಬಂದಿದ್ದರು. ಎಂಟು ತಿಂಗಳ ಬಸುರಿ ಹಾಲಮ್ಮ ಅವರಲ್ಲಿ ಒಬ್ಬಳು. ಅವರೆಲ್ಲ ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು.

ಗುರುಗಳ ಕಣ್ಣು ಅರ್ಧ ಮುಚ್ಚಿತ್ತು. “ಯಾರಪಾ ಆ ಪುಣ್ಯಾತ್ಮ?” ಎಂದರು.

ಕೊಟ್ರೇಶನಿಗೆ ಅಷ್ಟು ಸಾಕಾಯಿತು. ಹೋದ ವಾರ ಅವನು ಜೀಪನ್ನು ವರ್ಷದ ಎಫ್‌ಸಿ ತಪಾಸಣೆಗೆ ಒಯ್ದಿದ್ದ. ಆರ್‌ಟಿಒ ಸಾಹೇಬರು ಸುತ್ತ ನೋಡಿ, ಓಡಿಸಿ ನೋಡಿ, ಪಾಸು ಮಾಡಿದರು. ಬ್ರೇಕನ್ನು ಮಾತ್ರ ಒಮ್ಮೆ ಗ್ಯಾರೇಜಿನಲ್ಲಿ ತೋರಿಸಿಬಿಡು ಎಂದರು. ತೋರಿಸಲು ಹೋದರೆ ಅಲ್ಲಿನ ಮೇಸ್ತ್ರಿ ಜೀಪಿನ ಕೆಳಗೆ ನುಸುಳಿ ಎದ್ದುಬಂದು ಉದ್ದನೆಯ ಪಟ್ಟಿಯನ್ನೇ ಒದರಿದ. ಕ್ಲಚ್ ಪ್ಲೇಟು ಹೋಗಿದೆ, ಸ್ಟೀರಿಂಗು ಹೋಗಿದೆ, ಬೇರಿಂಗು ಹೋಗಿದೆ, ಬ್ರೇಕು ಹೋಗಿದೆ, ಗಾಡಿ ಇಲ್ಲೇ ಬಿಡು ಎಂದ. ಕೊಟ್ರೇಶ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮೇಸ್ತ್ರಿ ಸವೆದ ಕ್ಲಚ್ ಪ್ಲೇಟೊಂದನ್ನು ಹಿಡಿದು ನಿಂತಿದ್ದ. ನಿನ್ನ ಗಾಡಿಯದೇ, ನೋಡು ಎಂದ.

“ಗೇರ್‌ಬಾಕ್ಸ್ ಇಳಿಸದೇ ಕ್ಲಚ್ ಪ್ಲೇಟು ಹೆಂಗ ಹೊರಗ ಬರ್ತದ್ರಿ ಅಜ್ಜಾರ? ಅದೂ ಒಂದು ಕಪ್ ಚಾ ಕುಡಿಯೋದ್ರಾಗ? ಹತ್ತು ಮಂದಿ ಮುಂದ ಅವನ ಮಾನ ಹರಾಜು ಹಾಕಿ ಬಂದೀನಿ!”

ಹೇಳುತ್ತ ಹೇಳುತ್ತ ಕೊಟ್ರೇಶನ ಮುಖ ಅರಳಿತು. ಒಂದು ವಾರದಿಂದ ಈ ಸಂಗತಿಯನ್ನು ಅವನು ದಾರಿಯ ಪ್ರತಿ ಚಹಾದಂಗಡಿಯಲ್ಲೂ ಹೇಳಿದ್ದ. ಹೇಳಿದಾಗಲೆಲ್ಲ ಅದಕ್ಕೆ ಇಷ್ಟಿಷ್ಟು ಒಗ್ಗರಣೆ ಬಿದ್ದು, ಹತ್ತು ಮಂದಿ ಕೆಲವು ಕಡೆ ಐವತ್ತು ಮಂದಿಯೂ ಆಗಿದ್ದರು. ಗುರುಗಳಿಂದ ಒಂದು ಶಭಾಸ್ ಸಿಕ್ಕರೆ ಸಂಗತಿ ಪೂರ್ತಿಯಾಗುತ್ತಿತ್ತು.

ಗುರುಗಳು ಶಭಾಸ್ ಅನ್ನಲಿಲ್ಲ. ಗೋಡೆಗೆ ಒರಗಿ ಕತೆ ಶುರು ಮಾಡಿದರು.

ಒಬ್ಬ ಗಾಡಿಯವನಿದ್ದ. ಅವನ ಹೆಂಡತಿಯ ತವರು ಘಟ್ಟದ ಆಚೆ. ಎಂಟು ವರ್ಷದಿಂದ ಅವಳು ತವರು ಕಂಡಿರಲಿಲ್ಲ. ಒಂದು ದಿನ ಅವನ ಮನಸ್ಸು ಕರಗಿತು. ಎತ್ತು ಹೂಡಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟ.

ಘಟ್ಟದ ಬುಡದಲ್ಲಿ ಒಂದು ಕಟ್ಟೆ ಇತ್ತು. ಅಲ್ಲೊಬ್ಬ ಮುದುಕ ಕಾವಲುಗಾರ. ಅವನು ನೋಡಿ ಬಿಡದೆ ಯಾವ ಗಾಡಿಯೂ ಘಟ್ಟ ಹತ್ತುವಂತಿಲ್ಲ. ಅವನು ನೋಡುವ ರೀತಿಯೇ ಬೇರೆ. ಮೊದಲು ಎತ್ತು ಬಿಚ್ಚಿಸುತ್ತಿದ್ದ. ಗಾಡಿಗೆ ಊರುಗೋಲು ಕೊಟ್ಟು ಚಕ್ರ ನೆಲ ಬಿಡುವಂತೆ ಎತ್ತಿಸುತ್ತಿದ್ದ. ಆಮೇಲೆ ಚಕ್ರವನ್ನು ಕೈಯಿಂದ ಒಮ್ಮೆ ತಿರುವಿ ಬಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಅದು ತಾನಾಗಿ ನಿಲ್ಲುವ ತನಕ ಯಾರೂ ಮಾತಾಡಬಾರದು. ಎತ್ತಿನ ಕೊರಳ ಗಂಟೆಯನ್ನು ಕೂಡ ಒಬ್ಬರು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು.

ಬಲ ಚಕ್ರ ತಿರುಗಿ ನಿಂತಿತು. ಎಡ ಚಕ್ರ ತಿರುಗುತ್ತಲೇ ಇತ್ತು. ಗಾಡಿಯವನಿಗೆ ನಿಂತಲ್ಲೇ ತೂಕಡಿಕೆ ಬಂತು. ಗಂಟೆ ಹಿಡಿದು ನಿಂತ ಹೆಂಡತಿಗೆ ತವರಿನ ಬಾವಿಯ ರಾಟೆ ಎಲ್ಲೋ ದೂರದಲ್ಲಿ ತಿರುಗುತ್ತಿದೆ ಅನ್ನಿಸಿತು. ಎಷ್ಟು ಹೊತ್ತಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಮುದುಕ ಕಣ್ಣು ತೆರೆದ. “ಹೋಗಬಹುದು. ಆದರೆ ಎಡಗಡೆಯದು ಏನೋ ಹೇಳುತ್ತಿದೆ, ಬಡಿಗನಿಗೆ ತೋರಿಸಿಕೊಂಡು ಹೋಗು,” ಎಂದು ಚಕ್ರದ ನಡುವಿನ ಗುಂಬಕ್ಕೆ ಒಂದು ಸುಣ್ಣದ ಬೊಟ್ಟಿಟ್ಟ.

ಬಡಿಗನ ಮನೆ ಅಲ್ಲೇ ಪಕ್ಕದಲ್ಲಿತ್ತು. ಬಡಿಗ ಗಾಡಿಯ ಸುತ್ತ ಮೂರು ಸಲ ಬಂದ. ಬಗ್ಗಿ ನೋಡಿದ. ನಾಲಿಗೆ ಲೊಚಗುಟ್ಟಿದ. ಇದರಲ್ಲಿ ಘಟ್ಟ ಹತ್ತುವವನು ಗಂಡುಗಲಿಯೇ ಇರಬೇಕು ಅಂದ. ಅಚ್ಚು ಬಿರುಕು ಬಿಟ್ಟಿದೆ, ಗುಂಬಕ್ಕೆ ಹುಳು ಹಿಡಿದಿದೆ, ಅದರ ಸುತ್ತಲಿನ ಅರೆಕಾಲುಗಳು ಸಡಿಲಾಗಿವೆ, ಕಬ್ಬಿಣದ ಪಟ್ಟಿ ಬಿಡುತ್ತಿದೆ, ಕಡಾಣಿ ಸವೆದಿದೆ. ಕಡಾಣಿ ಎಂದರೆ ಚಕ್ರ ಅಚ್ಚಿನಿಂದ ಜಾರಿಹೋಗದಂತೆ ತಡೆಯುವ ಬೆರಳುದ್ದದ ಕೀಲು. ಎಲ್ಲವನ್ನೂ ಹೊಸದು ಮಾಡಬೇಕು, ಎಂಟು ದಿನ ಇಲ್ಲೇ ಇರಬೇಕು ಅಂದ.

ಎಂಟು ದಿನ ಅಂದ ಕೂಡಲೇ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಗಾಡಿಯವನಿಗೆ ರೇಗಿತು. ಅವನು ಗಾಡಿಯ ಕೆಳಗೆ ತೂರಿಕೊಂಡ. ಅಚ್ಚಿನ ಮೇಲೆ ಕಪ್ಪು ಗೆರೆಯೊಂದು ಇತ್ತು, ನಿಜ. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಗೆರೆ ಬೆರಳಿಗೆ ಬಂತು. ಅದು ಇದ್ದಲಿನ ಮಸಿ. ಗುಂಬದ ಬಳಿ ಹುಳು ಕೊರೆದ ಹಿಟ್ಟು ಬಿದ್ದಿತ್ತು. ಮೂಸಿದ. ಹಸಿ ಮರದ ವಾಸನೆ ಬಂತು. ಅದು ಬಡಿಗನ ಗರಗಸದ ಪುಡಿ. ಅರೆಕಾಲುಗಳನ್ನು ಒಂದೊಂದಾಗಿ ಗೆಣ್ಣಿನಿಂದ ಬಡಿದ. ಎಲ್ಲವೂ ಗಟ್ಟಿಯಾಗಿದ್ದವು. ಕಬ್ಬಿಣದ ಪಟ್ಟಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಗಾಡಿಯವನು ಎದ್ದು ನಿಂತು ಮಸಿ ಮೆತ್ತಿದ ಹೆಬ್ಬೆರಳನ್ನು ಕಟ್ಟೆಯ ಮೇಲಿದ್ದವರಿಗೆಲ್ಲ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಡಿಗನ ತಲೆ ಎದೆಗೆ ತಾಗಿತು.

ಇಲ್ಲಿಯವರೆಗೆ ಕೇಳಿ ಕೊಟ್ರೇಶ ತೊಡೆ ತಟ್ಟಿ ನಕ್ಕ. ಗಾಡಿಯವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು ಅವನಿಗೆ. ಒಳಗೆ ಪಂಕ್ತಿಯಲ್ಲಿ ಯಾರೋ ಮಜ್ಜಿಗೆ ಕೇಳುತ್ತಿದ್ದರು. ಜಗಲಿಯ ಕಂಬದ ನೆರಳು ಅವನ ಮೊಣಕಾಲಿನ ಮೇಲೆ ಬಂದು ಮಲಗಿತ್ತು. ಗುರುಗಳ ದನಿ ಇನ್ನಷ್ಟು ತಗ್ಗಿತು.

ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಯಾರೋ ಓಡಿ ಬರುವ ಸದ್ದು ಕೇಳಿಸಿತು. ಬಡಿಗ. ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಒಂದು ಹೊಸ ಕಡಾಣಿ ಇತ್ತು.

“ನಾಲ್ಕು ಸುಳ್ಳು, ಒಪ್ಪಿದೆ. ಇದೊಂದು ನಿಜ ಕಣಪ್ಪಾ. ಸುಮ್ಮನೆ ತಗೋ.”

“ಎಲಾ ಇವನ! ಸುಮ್ಮನೆ ಕೊಡುವಷ್ಟು ಒಳ್ಳೆಯವನು ಯಾವಾಗ ಆದೆಯೋ?” ಎಂದು ಗಾಡಿಯವನು ಎತ್ತಿನ ಬಾಲ ತಿರುವಿದ.

ಬಡಿಗ ಕೈ ಚಾಚಿಕೊಂಡೇ ಇನ್ನೂ ಹತ್ತು ಮಾರು ಓಡಿದ. ಆಮೇಲೆ ನಿಂತ. ದಾರಿ ತಿರುಗುವ ತನಕ ಅವನು ನಿಂತಿರುವುದು ಕಾಣುತ್ತಿತ್ತು.

ಗಂಡ ಹೆಂಡತಿ ಘಟ್ಟ ಹತ್ತಿದರು. ಏರು ಮುಗಿಯುವ ತನಕ ಬಡಿಗನದೇ ಮಾತು. ಗಾಡಿಯವನು ಬಡಿಗನ ಹಾಗೆ ನಾಲಿಗೆ ಲೊಚಗುಟ್ಟಿ ತೋರಿಸಿದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಂಟು ವರ್ಷದಲ್ಲಿ ಅವರು ಹೀಗೆ ಕೂಡಿ ನಕ್ಕಿದ್ದೇ ಇಲ್ಲ. ಸುಖವಾಗಿತ್ತು.

ಘಟ್ಟದ ನೆತ್ತಿಯಲ್ಲಿ ಮಂಜು ಕವಿದಿತ್ತು. ಗಾಡಿ ಅದರೊಳಗೆ ಇಳಿಯಿತು. ಎತ್ತಿನ ಕೋಡು ಕಾಣಿಸಲಿಲ್ಲ, ಗಂಟೆ ಮಾತ್ರ ಕೇಳಿಸಿತು. ಆಮೇಲೆ ಅದೂ ಹತ್ತಿಯಲ್ಲಿ ಸುತ್ತಿಟ್ಟಂತೆ ಮೆತ್ತಗಾಯಿತು. ಗಾಡಿ ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗಲಿಲ್ಲ. ಹೆಂಡತಿ ಹುಲ್ಲಿನ ಮೇಲೆ ಒರಗಿದವಳು ಹಾಗೇ ನಿದ್ದೆಹೋದಳು. ಮಂಜು ಒಂದು ಕಡೆ ಸರಿದಾಗ ದೂರ ಕೆಳಗೆ ಅವಳ ತವರಿನ ಹೆಂಚುಗಳು ಕಂಡವು. ಇನ್ನು ಸ್ವಲ್ಪ ಹತ್ತಿರ ಹೋದ ಮೇಲೆ ಎಬ್ಬಿಸೋಣ ಎಂದು ಗಾಡಿಯವನು ಸುಮ್ಮನಾದ.

ಜಗಲಿಯ ಮೇಲೆ ಕೊಟ್ರೇಶ ನಗುವುದನ್ನು ನಿಲ್ಲಿಸಿದ್ದ. ಆ ಇಳಿಜಾರು ಅವನಿಗೆ ಗೊತ್ತಿರುವ ಇಳಿಜಾರಿನಂತೆಯೇ ಇತ್ತು. ಅವನ ಬಲಗಾಲು ತಾನಾಗಿ ಮುಂದೆ ಚಾಚಿ ನೆಲವನ್ನು ಒತ್ತುತ್ತಿತ್ತು. ಅದು ಅವನಿಗೆ ತಿಳಿದಿರಲಿಲ್ಲ.

ಆಗ ಗಾಡಿಯವನ ಎಡಗಡೆಯಿಂದ ಒಂದು ಚಕ್ರ ಅವನನ್ನು ದಾಟಿಕೊಂಡು ಮುಂದೆ ಹೋಯಿತು. ಅದಕ್ಕೇನೂ ಅವಸರವಿರಲಿಲ್ಲ. ದಾರಿ ತಿಳಿದ ದನದಂತೆ ನೆಟ್ಟಗೆ ಉರುಳುತ್ತ ಹೋಯಿತು. ಗುಂಬದ ಮೇಲೆ ಸುಣ್ಣದ ಬೊಟ್ಟಿತ್ತು. ಪಾಪ, ಯಾರ ಗಾಡಿಯದೋ ಏನೋ ಎಂದುಕೊಂಡ ಗಾಡಿಯವನು.

ಆಮೇಲೆ ಗಾಡಿ ವಾಲಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕೊಟ್ರೇಶ ಕಾದ.

“ಆಕಿ... ಆ ಹೆಣ್ಮಗಳು ಏನಾದ್ಲ್ರಿ ಅಜ್ಜಾರ?”

“ಉಳಕೊಂಡಳು. ಕೆಳಗಿನ ಊರಿನವರು ಬಂದು ಹೊರಸಿನ ಮ್ಯಾಲೆ ಹೊತ್ತೊಯ್ದರು. ತವರಿನ ಹೊಸ್ತಿಲಾ ಹಂಗ ದಾಟಿದಳು. ಆಮ್ಯಾಲೆ ಯಾವ ಹೊಸ್ತಿಲಾನೂ ತನ್ನ ಕಾಲಿಲೆ ದಾಟಲಿಲ್ಲ.”

ಇದನ್ನು ಹೇಳುವಾಗ ಗುರುಗಳಿಗೂ ಸಂಕಟವಾಯಿತು. ಆದರೂ ಮುಂದುವರಿಸಿದರು. ಗಾಡಿಯವನು ಅದಾದ ಮೇಲೆ ಬಹಳ ವರ್ಷ ಬದುಕಿದ. ಸಂತೆಯಲ್ಲಿ, ಕಟ್ಟೆಯಲ್ಲಿ, ಸಿಕ್ಕವರ ಮುಂದೆಲ್ಲ ಮಸಿ ಗೆರೆಯ ಕತೆ ಹೇಳುತ್ತಿದ್ದ. ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಜನ ನಗುತ್ತಿದ್ದರು. ಅಲ್ಲಿಗೆ ಕತೆ ಮುಗಿಸಿ ಎದ್ದು ಹೋಗುತ್ತಿದ್ದ. ಅದರ ಮುಂದಿನದನ್ನು ಅವನ ಬಾಯಿಂದ ಯಾರೂ ಕೇಳಲಿಲ್ಲ.

ಕೊಟ್ರೇಶನಿಗೆ ಎಲ್ಲಿಯೋ ಚುಚ್ಚಿತು. ಎಲ್ಲಿ ಅಂತ ಹೊಳೆಯಲಿಲ್ಲ. ಅವನು ತನಗೆ ತಿಳಿದ ದಾರಿಯನ್ನೇ ಹಿಡಿದ.

“ಹಂಗಾದ್ರ ಬಡಿಗ ಒಳ್ಳೆ ಮನಷ್ಯಾ ಅಂತೀರೇನ್ರಿ?”

“ನಾ ಎಲ್ಲಿ ಅಂದೆ? ಅವ ಸುಳ್ಳನ. ಅಚ್ಚು ಗಟ್ಟಿನ ಇತ್ತು.”

ಕೊಟ್ರೇಶನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟರಲ್ಲಿ ಎರಡನೆಯ ಪಂಕ್ತಿ ಎದ್ದಿತು. ಕೈ ತೊಳೆದವರು ಒಬ್ಬೊಬ್ಬರಾಗಿ ಅಂಗಳ ದಾಟಿ ಜೀಪು ಹತ್ತಿದರು. ಹಾಲಮ್ಮ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಿಂದ ಕಂಬಿ ಹಿಡಿದು ನಿಧಾನವಾಗಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

“ಕೊಟ್ರೇಶಣ್ಣಾ, ಡಾಕ್ಟರಮ್ಮ ಎದ್ದು ಹೋದಾರು. ಇಳಿಯೋಣ ನಡಿ,” ಎಂದು ಅಲ್ಲಿಂದಲೇ ಕೂಗಿದಳು.

ಕೊಟ್ರೇಶ ಎದ್ದ. ಬಗ್ಗಿ ಗುರುಗಳ ಕಾಲು ಮುಟ್ಟಿದ. ಅವನ ತಲೆ ಇನ್ನೂ ಬಗ್ಗಿರುವಾಗಲೇ ಗುರುಗಳು ಕೇಳಿದರು:

“ಮೇಸ್ತ್ರೀನ ಇಷ್ಟು ಚಲೋ ತಪಾಸಣೆ ಮಾಡೀಯಲ್ಲಪಾ, ಬ್ರೇಕ್ ನೋಡಿದವರು ಯಾರು?”