ಮೊದಲನೆಯ ಹೊರೆಗಲ್ಲು

ಕೆಂಚವ್ವನ ಕೀಲುಗಳು ಸಡಿಲ. ಹುಟ್ಟಿದಾಗಿನಿಂದ ಹಾಗೇ. ಹೆಬ್ಬೆರಳು ಬಾಗಿ ಮುಂಗೈಗೆ ತಾಗುತ್ತಿತ್ತು. ಎಲ್ಲರ ಮೊಣಕೈ ನಿಲ್ಲುವಲ್ಲಿ ಅವಳದು ನಿಲ್ಲದೆ ಇನ್ನಷ್ಟು ಆಚೆಗೆ ಹೋಗುತ್ತಿತ್ತು.

ಚಿಕ್ಕಂದಿನಲ್ಲಿ ಓಣಿಯ ಮಕ್ಕಳೆಲ್ಲ ಸುತ್ತ ನೆರೆದು, "ಇನ್ನೊಮ್ಮೆ ತೋರಿಸೇ" ಎನ್ನುತ್ತಿದ್ದರು. ಅವಳು ತೋರಿಸುತ್ತಿದ್ದಳು. ದೊಡ್ಡವಳಾದ ಮೇಲೆ ಆ ಕೀಲುಗಳೇ ನೋಯತೊಡಗಿದವು. ಇಂದು ಭುಜ, ನಾಳೆ ಸೊಂಟ, ನಾಡಿದ್ದು ಹಿಟ್ಟು ನಾದಿದ ಬೆರಳು. ಬಾವಿಲ್ಲ, ಗಾಯವಿಲ್ಲ. ಹಾಗಾಗಿ ಯಾರೂ ನಂಬಲಿಲ್ಲ.

"ಬಳ್ಳಿಯ ಹಾಗೆ ಬಳುಕುತ್ತೀಯ, ನಿನಗೆಂಥ ನೋವು?" ಎಂದರು ವೈದ್ಯರು.

ಇಪ್ಪತ್ತಾರನೆಯ ವಯಸ್ಸಿಗೆ ಅವಳು ನದಿಯ ದಂಡೆಯ ಬೆಟ್ಟದ ಮೇಲಿದ್ದ ಒಂದು ಮಠಕ್ಕೆ ಬಂದಳು. ಅಲ್ಲಿಯ ಗುರು ಒಬ್ಬ ಮುದುಕಿ, ಗುರುಸಿದ್ಧವ್ವ.

ದೀಕ್ಷೆ ಬೇಕೆನ್ನುವವರಿಗೆ ಅಲ್ಲೊಂದು ಕಟ್ಟಳೆ. ಸುಗ್ಗಿಯ ಹುಣ್ಣಿಮೆಯ ಬೆಳಿಗ್ಗೆ ನದಿಯಲ್ಲಿ ತಾಮ್ರದ ಕೊಡ ತುಂಬಿ, ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಬೇಕು. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲು ನೀರನ್ನು ಗುರು ಕೂರುವ ಗದ್ದುಗೆಯ ಬುಡಕ್ಕೆ ಸುರಿಯಬೇಕು. ಕೊಡ ನೆಲ ಮುಟ್ಟಬಾರದು. ಮೂರು ವರ್ಷ, ಮೂರು ಸಲ ಅವಕಾಶ. ಆಗದಿದ್ದರೆ ಬಂದ ದಾರಿ ಹಿಡಿಯುವುದು.

ದಾರಿಯಲ್ಲಿ ಏಳು ಹೊರೆಗಲ್ಲುಗಳಿದ್ದವು. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಆಳೆತ್ತರ. ತಲೆಹೊರೆಯವರು ಸೊಂಟ ಬಗ್ಗಿಸದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಎಂದು ಹಿಂದಿನವರು ನಿಲ್ಲಿಸಿದ್ದು. ಆದರೆ ಶಿಷ್ಯರು ಅವುಗಳ ಹತ್ತಿರ ಸುಳಿಯುತ್ತಿರಲಿಲ್ಲ. ಕೊಡ ಇಳಿಸಿದವರು ಸೋತಂತೆ ಎಂದು ತಮ್ಮ ತಮ್ಮಲ್ಲೇ ಆಡಿಕೊಂಡಿದ್ದರು.

ಮೊದಲ ವರ್ಷ ಐದನೆಯ ಕಲ್ಲು ದಾಟುವಾಗ ಕೆಂಚವ್ವನ ಭುಜ ಜಾರಿತು. ಕೊಡ ಬಿತ್ತು.

ಎರಡನೆಯ ವರ್ಷ ಹಲ್ಲು ಕಚ್ಚಿ ಆರನೆಯದನ್ನೂ ದಾಟಿದಳು. ಅಲ್ಲಿ ಮೊಣಕಾಲು ಕೈಕೊಟ್ಟಿತು. ಕೊಡ ಉರುಳಿ ಉರುಳಿ ನದಿಯವರೆಗೂ ಹೋಯಿತು.

"ಕೊಡಕ್ಕೇ ತಿಳಿಯಿತು ನೋಡಕ್ಕಾ, ಇದು ಆಗದ ಕೆಲಸ ಅಂತ" ಎಂದು ನಕ್ಕ ಅಡಿವೆಪ್ಪ. ಅವನು ಹೊಸದಾಗಿ ಸೇರಿದ ಶಿಷ್ಯ, ಎತ್ತಿನಂಥ ಆಳು.

ಕೆಂಚವ್ವ ಬಟ್ಟೆ ಗಂಟು ಕಟ್ಟಿಕೊಂಡು ಗುರುವಿನ ಮುಂದೆ ನಿಂತಳು.

"ಈ ಮೈ ಇಷ್ಟೇ ಅವ್ವಾ. ನಾನು ಹೊರಡುತ್ತೇನೆ."

ಗುರುಸಿದ್ಧವ್ವ ಕೋಲಿನಿಂದ ಅವಳ ಮೊಣಕಾಲಿನ ಹಿಂಬದಿಯನ್ನು ಮೆಲ್ಲಗೆ ತಟ್ಟಿದಳು. ಬಿಲ್ಲಿನಂತೆ ಹಿಂದಕ್ಕೆ ಬಾಗಿದ್ದ ಕಾಲು ಪಟಕ್ಕನೆ ಮುಂದೆ ಬಂತು.

"ಏನು ಮಾಡುತ್ತಿದ್ದೆ?"

"ನಿಂತಿದ್ದೆ."

"ಇಲ್ಲ. ನಿನ್ನ ಕೀಲಿಗೆ ನೀನೇ ಜೋತುಬಿದ್ದಿದ್ದೆ. ಈಗ ನಿಲ್ಲು."

ಕೆಂಚವ್ವ ಮೊಣಕಾಲನ್ನು ಅದು ಹೋಗುವಷ್ಟು ಹೋಗಗೊಡದೆ, ತುಸು ಮೊದಲೇ ತಡೆದು ನಿಂತಳು. ತೊಡೆ ನಡುಗಿತು.

"ಕಷ್ಟ ಅವ್ವಾ."

"ಕಷ್ಟವೇ. ಕೊನೆಯತನಕ ಹೋಗುವುದು ನಿನಗೆ ಸಲೀಸು. ಮೊದಲೇ ನಿಲ್ಲುವುದನ್ನು ಯಾರೂ ಕಲಿಸಲಿಲ್ಲ." ಗುರು ಗಂಟಿನ ಕಡೆ ನೋಡಿದಳು. "ಅದನ್ನು ಬಿಚ್ಚು. ಮೊದಲನೆಯ ಹೊರೆಗಲ್ಲು ಎಲ್ಲಿದೆ?"

"ನದಿಯಿಂದ ಮೂವತ್ತು ಹೆಜ್ಜೆಗೆ."

"ಅಷ್ಟರಲ್ಲಿ ಯಾರಿಗೆ ದಣಿವಾಗುತ್ತದೆ?"

"ಯಾರಿಗೂ ಇಲ್ಲ."

"ಮತ್ತೆ ಅದು ಯಾರಿಗಾಗಿ?"

ಕೆಂಚವ್ವ ಗಂಟು ಬಿಚ್ಚತೊಡಗಿದಳು.

"ಇನ್ನೂ ಒಂದು ವರ್ಷ ಇದೆ" ಎಂದು ಗುರು ಎದ್ದುಹೋದಳು.

ಆ ವರ್ಷ ಕೆಂಚವ್ವ ನಿಲ್ಲುವುದನ್ನು ಕಲಿತಳು. ಆಮೇಲೆ ನಡೆಯುವುದನ್ನು. ಕೊಡದಲ್ಲಿ ಮೊದಲು ಒಂದು ಚೊಂಬು ನೀರು, ತಿಂಗಳು ಕಳೆದ ಮೇಲೆ ಎರಡು. ಯಾರಾದರೂ ಬೆರಳು ಬಾಗಿಸಿ ತೋರಿಸೆಂದರೆ, "ಆ ಆಟ ಮುಗಿಯಿತು" ಎನ್ನುತ್ತಿದ್ದಳು. ಕೆಲವು ದಿನ ಜಡೆ ಹೆಣೆದುಕೊಳ್ಳಲೂ ಕೈ ಏಳುತ್ತಿರಲಿಲ್ಲ. ಅಂಥ ದಿನ ಬರಿಗೊಡವನ್ನು ಮಡಿಲಲ್ಲಿಟ್ಟುಕೊಂಡು ದಂಡೆಯಲ್ಲಿ ಕೂರುತ್ತಿದ್ದಳು.

ಮೂರನೆಯ ಹುಣ್ಣಿಮೆ ಬಂತು. ಅಡಿವೆಪ್ಪನೂ ಕೊಡ ಹೊತ್ತ. ಹೊತ್ತವನೇ ಓಡಿದ.

ಕೆಂಚವ್ವ ತಲೆಗೆ ಸಿಂಬಿ ಇಟ್ಟು, ಕೊಡ ಏರಿಸಿ, ಮೂವತ್ತು ಹೆಜ್ಜೆ ನಡೆದಳು. ನೋವಿರಲಿಲ್ಲ. ಉಸಿರೂ ಬಿಸಿಯಾಗಿರಲಿಲ್ಲ. ಕಾಲು, ನಡೆ ನಡೆ ಎನ್ನುತ್ತಿತ್ತು.

ಅವಳು ನಿಂತಳು. ಕೊಡವನ್ನು ಕಲ್ಲಿನ ಮೇಲೆ ಇಳಿಸಿದಳು.

ಮೇಲಿನ ತಿರುವಿನಿಂದ ಅಡಿವೆಪ್ಪ ಕೂಗಿದ. "ಏ ಅಕ್ಕಾ, ಇಷ್ಟಕ್ಕೇ ಸುಸ್ತೇ? ಅಲ್ಲೇ ಒಂದು ಗುಡಿಸಲು ಹಾಕಿಕೊಡಲೇನು?"

"ಹಾಕು ತಮ್ಮಾ. ಸಂಜೆಗೆ ನೀನೇ ಬಂದು ಮಲಗುವೆಯಂತೆ!"

ಹಾಗೆ ಹೇಳಿದವಳು ಕೊಡದ ಕಡೆ ನೋಡಿದಳು. ಅದು ಒಂದಿಷ್ಟೂ ಅಲುಗದೆ ಕೂತಿತ್ತು. ಬೆರಳಿನಿಂದ ಸವರಿದರೆ, ಕಲ್ಲಿನಲ್ಲಿ ಒಂದು ಗುಳಿ. ಕೊಡದ ತಳಕ್ಕೆ ಅಳತೆ ಹಿಡಿದಂತೆ ಸವೆದ ಗುಳಿ.

ಎರಡನೆಯ ಕಲ್ಲಿನಲ್ಲೂ ಇಳಿಸಿದಳು. ಅಲ್ಲೂ ಗುಳಿ. ಮೂರನೆಯದರಲ್ಲೂ. ಉಳಿದವರೆಲ್ಲ ಅವಳನ್ನು ದಾಟಿ ಹೋದರು.

ಐದನೆಯ ಕಲ್ಲಿನ ಹೊತ್ತಿಗೆ ಭುಜ ಉರಿಯುತ್ತಿತ್ತು. ಉರಿಯಿತು, ಜಾರಲಿಲ್ಲ. ಆರನೆಯದರ ಹತ್ತಿರ ಮೊಣಕಾಲು ಲಟಕ್ಕೆಂದಿತು. ಅವಳು ಅದನ್ನು ಹಿಂದಕ್ಕೆ ಹೋಗಗೊಡಲಿಲ್ಲ. ಹೊತ್ತು ನೆತ್ತಿಗೆ ಬರುತ್ತಿತ್ತು. ಓಡೋಣವೇ ಎನಿಸಿತು. ಓಡಲಿಲ್ಲ. ಏಳನೆಯ ಕಲ್ಲಿನಲ್ಲೂ ಇಳಿಸಿ, ಹತ್ತು ಉಸಿರು ಎಳೆದುಕೊಂಡು, ಮತ್ತೆ ಹೊತ್ತಳು.

ಗಂಟೆ ಬಾರಿಸುವವನು ಹಗ್ಗಕ್ಕೆ ಕೈ ಹಾಕಿದ್ದ. ಕೆಂಚವ್ವ ಹೊಸ್ತಿಲು ದಾಟಿದಳು. ಗದ್ದುಗೆಯ ಬುಡಕ್ಕೆ ನೀರು ಸುರಿಯಿತು. ಸುರಿಯುತ್ತಲೇ ಇತ್ತು, ತುಂಬಿದ ಕೊಡದ ನೀರು. ಕೊನೆಯ ಹನಿ ಬಿದ್ದ ಮೇಲೆ ಗಂಟೆ ಢಣ್ ಎಂದಿತು.

ಅಂಗಳದಲ್ಲಿ ಕೇಕೆ ಎದ್ದಿತು. ಅಡಿವೆಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡ. ಓಡಿ ಬಂದ ಅವನ ಕೊಡದಲ್ಲಿ ಅರ್ಧ ನೀರೂ ಉಳಿದಿರಲಿಲ್ಲ.

"ಅವ್ವಾ, ಇವಳು ಏಳು ಸಲ ಇಳಿಸಿದ್ದಾಳೆ. ಇದೂ ಹತ್ತಿದ್ದೇ?"

"ಆ ಕಲ್ಲುಗಳ ಮೇಲೆ ಏನು ಕಂಡೆ ಕೆಂಚವ್ವಾ?" ಎಂದಳು ಗುರು.

"ಗುಳಿ ಅವ್ವಾ. ಏಳರಲ್ಲೂ."

"ಈ ಗದ್ದುಗೆಯ ಮೇಲೆ ಕೂತವರೆಲ್ಲ ಕೊಡ ಇಳಿಸಿ ಇಳಿಸಿ ಬಿದ್ದ ಗುಳಿ ಅದು, ಅಡಿವೆಪ್ಪಾ. ನಾನೂ ಸೇರಿ."

ಅಡಿವೆಪ್ಪ ತಲೆ ಕೆರೆದುಕೊಂಡು, "ಆ ಗುಡಿಸಲು ನನಗೇ ಇರಲಿ ಅಕ್ಕಾ" ಎಂದ. ಎಲ್ಲರೂ ನಕ್ಕರು.

ಗುರು ಕೆಂಚವ್ವನ ಕಡೆ ತಿರುಗಿದಳು.

"ಈಗ ಹೇಳು. ಮೊದಲನೆಯ ಕಲ್ಲು ಯಾರಿಗಾಗಿ?"

"ತುದಿ ಮುಟ್ಟಲೇಬೇಕು ಎನ್ನುವವರಿಗಾಗಿ."

ಗುರುಸಿದ್ಧವ್ವ ತನ್ನ ಕೈಯಾರೆ ಅವಳ ಹಣೆಗೆ ವಿಭೂತಿ ಹಚ್ಚಿದಳು. ಕೆಂಚವ್ವನ ಕಣ್ಣು ತುಂಬಿ ಬಂತು. ಅಳುತ್ತಲೇ ನಕ್ಕಳು.

"ಆದರೆ ನೋವು ಹೋಗಲಿಲ್ಲ ಅವ್ವಾ. ಅದೂ ನನ್ನ ಜೊತೆಗೇ ಮೇಲೆ ಬಂದಿದೆ."

"ಪಾಪ, ಅದಕ್ಕೆಲ್ಲಿ ಕಾಲು? ನೀನು ಹೊತ್ತು ತಂದೆ, ಅದೂ ಬೆಟ್ಟದ ತುದಿ ಕಂಡಿತು."